ಏಳನೆಯ ಹೆಸರು

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಫ್ನೋಮ್ ಪೆನ್ ನಗರದ ಹೊರವಲಯದ ಯುದ್ಧಾಪರಾಧ ನ್ಯಾಯಾಲಯದ ಅಂಗಳದಲ್ಲಿ, ಸಾಕ್ಷಿ ಹೇಳಲು ಬಂದ ಖೊಮ್ ಅಜ್ಜಿ ಪ್ರಮಾಣ ಮಾಡಲು ಒಪ್ಪಲಿಲ್ಲ.

ಅಂಗಳದ ಮೂಲೆಯಲ್ಲಿ ಕಬ್ಬಿಣದ ಗದೆ ಹಿಡಿದ ಕಾವಲು ದೇವರ ಗುಡಿಯಿದೆ. ಒಳಗೆ ಹೋಗುವ ಮುನ್ನ ಸಾಕ್ಷಿಗಳು ಅಲ್ಲಿ ಊದುಬತ್ತಿ ಹಚ್ಚಿ, ಗುಮಾಸ್ತ ಹೇಳಿಕೊಟ್ಟಂತೆ ಹೇಳಬೇಕು. ಮೊದಲ ಭಾಗ ಸುಲಭ: ಕಂಡದ್ದನ್ನು, ಕೇಳಿದ್ದನ್ನು, ನೆನಪಿರುವುದನ್ನು ಮಾತ್ರ ಹೇಳುತ್ತೇನೆ. ಎರಡನೆಯ ಭಾಗ ಶಾಪ: ಸುಳ್ಳಾಡಿದರೆ ಈ ಗದೆ ನನ್ನ ತಲೆಯ ಮೇಲೆ ಬೀಳಲಿ, ಮುಂದಿನ ಜನ್ಮಗಳಲ್ಲೂ ನನ್ನವರ ಮುಖ ನನಗೆ ಕಾಣದಿರಲಿ. ಖೊಮ್ ಅಜ್ಜಿ ಮೊದಲ ಭಾಗವನ್ನು ಸ್ಪಷ್ಟವಾಗಿ ಹೇಳಿದರು. ಎರಡನೆಯದಕ್ಕೆ ಬಾಯಿ ತೆರೆದು ನಿಲ್ಲಿಸಿದರು. ಊದುಬತ್ತಿಗಳನ್ನು ಮರಳಿನ ಕುಂಡಕ್ಕೆ ಚುಚ್ಚಿ, ಕೈಮುಗಿದು, ಪಕ್ಕದಲ್ಲಿದ್ದ ದಾಲಿನ್ ಕಡೆ ತಿರುಗಿದರು.

"ಇವತ್ತು ಆಗಲ್ಲ ಮಗಳೇ."

ದಾಲಿನ್ ನ್ಯಾಯಾಲಯದ ಸಾಕ್ಷಿ ಸಹಾಯ ವಿಭಾಗದವಳು. ಸಾಕ್ಷಿಗಳನ್ನು ಊರಿನಿಂದ ಕರೆತರುವುದು, ಊಟ ವಸತಿ ನೋಡಿಕೊಳ್ಳುವುದು, ವಿಚಾರಣೆ ನಡೆಯುವಾಗ ಅವರ ಪಕ್ಕದಲ್ಲಿ ಕುಳಿತು ನೀರಿನ ಲೋಟ ಮುಂದಿಡುವುದು, ಮತ್ತೆ ಮನೆ ಮುಟ್ಟಿಸುವುದು ಅವಳ ಕೆಲಸ. ಅವರು ಏನು ಸಾಕ್ಷಿ ಹೇಳುತ್ತಾರೆ ಎಂಬುದು ಅವಳ ಕೆಲಸವಲ್ಲ. ಅದರ ಬಗ್ಗೆ ಕೇಳುವಂತಿಲ್ಲ, ಅವರಾಗಿ ಹೇಳಹೊರಟರೂ ಕೇಳಿಸಿಕೊಳ್ಳುವಂತಿಲ್ಲ. ಏಳು ವರ್ಷಗಳಲ್ಲಿ ಅನೇಕ ಸಾಕ್ಷಿಗಳನ್ನು ಆ ಗುಡಿಯ ಮುಂದೆ ನಿಲ್ಲಿಸಿದ್ದಳು. ಅತ್ತವರಿದ್ದರು, ತಲೆಸುತ್ತಿ ಬಿದ್ದವರಿದ್ದರು. ಅರ್ಧ ಹೇಳಿ ನಿಲ್ಲಿಸಿದವರು ಇವರೊಬ್ಬರೇ.

ಆರೋಪಿ ಕೊಂಗ್ ಥಿಯೆನ್. ಲಕ್ಷಾಂತರ ಜನ ಸತ್ತ ಪೋಲ್ ಪಾಟ್ ಆಳ್ವಿಕೆಯ ಕಾಲದಲ್ಲಿ ಪುರ್ಸಾತ್ ಪ್ರಾಂತ್ಯದ ಒಂದು ಅಣೆಕಟ್ಟಿನ ಕೆಲಸಕ್ಕೆ ಅವನೇ ಮುಖ್ಯಸ್ಥ. ಆಗ ವಯಸ್ಸು ಮೂವತ್ತೈದು ದಾಟಿರದಿದ್ದರೂ ಎಲ್ಲರೂ ಅವನನ್ನು ತಾತ ಎಂದೇ ಕರೆಯಬೇಕಿತ್ತು. ಈಗ ನಿಜವಾಗಿಯೂ ತಾತ. ರಕ್ತದೊತ್ತಡದ ಮಾತ್ರೆ ನುಂಗಿ ಗಾಜಿನ ಗೋಡೆಯ ಆಚೆ ಕೂರುತ್ತಾನೆ. ಅವನ ಮೇಲಿನ ಆರೋಪಗಳಲ್ಲಿ ಒಂದು, 1977ರ ಒಂದು ಸಂಜೆ ಏಳು ಗಂಡಸರ ಹೆಸರು ಕೂಗಿಸಿ, ಕಾಲುವೆಯಾಚೆ ಕರೆದೊಯ್ಯಿಸಿ ಕೊಲ್ಲಿಸಿದ್ದು. ಏಳು ಜನರ ಹೆಂಡತಿಯರೂ ಸಾಕ್ಷಿಗಳು. ಆರು ಜನರ ವಿಚಾರಣೆ ಮುಗಿದಿತ್ತು. ಖೊಮ್ ಅಜ್ಜಿ ಏಳನೆಯವರು. ಅವರ ಗಂಡ ಚುವೊನ್, ಆರೋಪಪಟ್ಟಿಯಲ್ಲಿ ಏಳನೆಯ ಹೆಸರು.

ಸುದ್ದಿ ಒಳಗೆ ಹೋದ ಅರ್ಧ ಗಂಟೆಯಲ್ಲಿ ಕಟ್ಟಡದ ತುಂಬ ಊಹೆಗಳು ಓಡಾಡಿದವು. ಅಜ್ಜಿಯನ್ನು ಯಾರೋ ಹೆದರಿಸಿದ್ದಾರೆ ಎಂದರು ಸರ್ಕಾರಿ ವಕೀಲರು. ಅಜ್ಜಿಗೆ ಸುಳ್ಳು ಹೇಳಿಕೊಟ್ಟಿದ್ದಾರೆ, ದೇವರ ಮುಂದೆ ನಾಲಿಗೆ ಏಳಲಿಲ್ಲ ಎಂದರು ಆರೋಪಿಯ ವಕೀಲರು. ಪಿತೃಗಳ ಹದಿನೈದು ದಿನ ನಡೆಯುತ್ತಿದೆ, ಪ್ಚುಮ್ ಬೆನ್ ಮುಗಿಯುವ ಮೊದಲು ಯಾವ ಹೆಂಗಸು ಶಾಪದ ಮಾತು ಬಾಯಲ್ಲಿ ತರುತ್ತಾಳೆ ಎಂದ ವ್ಯಾನಿನ ಚಾಲಕ. ಪೀಠ ಯಾವ ಊಹೆಯನ್ನೂ ಒಪ್ಪಲಿಲ್ಲ. ಹಬ್ಬದ ರಜೆ ಮುಗಿದ ಮೇಲೆ ವಿಚಾರಣೆ ಎಂದು ಮುಂದೂಡಿ, ಸಾಕ್ಷಿಗೆ ಬೆದರಿಕೆ ಬಂದಿದೆಯೇ ಎಂದು ಮಾತ್ರ ವಿಚಾರಿಸಿ ವರದಿ ಕೊಡಲು ಸಹಾಯ ವಿಭಾಗಕ್ಕೆ ಹೇಳಿತು.

ವಿಭಾಗದ ಮುಖ್ಯಸ್ಥೆ ಆವಾ, ಸೆನೆಗಲ್ ದೇಶದವರು. ಆದೇಶವನ್ನು ಎರಡು ಸಲ ಓದಿ, 'ಮಾತ್ರ' ಎಂಬ ಪದದ ಕೆಳಗೆ ಬೆರಳಿಟ್ಟು ದಾಲಿನ್‌ಗೆ ತೋರಿಸಿದರು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳ ಎದುರಿಗೆ ಬಂದು ಕುಳಿತವನು ವಿಚೆತ್, ಆರೋಪಿಯ ವಕೀಲ. ಬಟ್ಟಲ ತುಂಬ ಬಿಸಿ ಶ್ಯಾವಿಗೆ ಸಾರು, ಮೇಲೆ ಅವನೇ ಹಿಂಡಿಕೊಂಡ ಎರಡು ನಿಂಬೆ ಹೋಳು.

"ನಿಮ್ಮಜ್ಜಿಗೆ ನಮಸ್ಕಾರ ಹೇಳಿ ದಾಲಿನ್. ಏಳು ಜನದಲ್ಲಿ ದೇವರಿಗೆ ಹೆದರಿದೋರು ಅವರೊಬ್ಬರೇ."

ಸಾರು ಆರುತ್ತಿದೆ, ತಿನ್ನಿ ಎಂದಳು ದಾಲಿನ್. ಅವನು ತಿನ್ನುತ್ತಲೇ ಮಾತಾಡಿದ. ಅವನು ಹೇಳಿದ್ದರಲ್ಲಿ ಗುಟ್ಟೇನೂ ಇರಲಿಲ್ಲ, ಎಲ್ಲವನ್ನೂ ಪೀಠದ ಮುಂದೆ ಆಗಲೇ ಹೇಳಿದ್ದ. ಏಳು ಹೆಂಗಸರ ಹೇಳಿಕೆಗಳನ್ನು ಒಂದು ಸ್ವಯಂಸೇವಾ ಸಂಸ್ಥೆ ಒಂದೇ ಮಧ್ಯಾಹ್ನ ಬರೆದುಕೊಂಡಿತ್ತು. ಏಳರಲ್ಲೂ ಒಂದು ವಾಕ್ಯ ಅಕ್ಷರಶಃ ಒಂದೇ: 'ಮಾರನೆಯ ಬೆಳಿಗ್ಗೆ ನನ್ನ ಗಂಡನ ಬಟ್ಟೆಯನ್ನು ಬೇರೆಯವರ ಮೈಮೇಲೆ ಕಂಡೆ.' ಆ ಕಾಲದಲ್ಲಿ ಅದಕ್ಕೆ ಒಂದೇ ಅರ್ಥ, ಬಟ್ಟೆಯ ಒಡೆಯನನ್ನು ಕೊಂದಿದ್ದಾರೆ.

"ಏಳು ಜನ ಒಂದೇ ಥರ ಅಳಬಹುದು, ಒಪ್ಪಿದೆ. ಒಂದೇ ಥರ ವಾಕ್ಯ ಕಟ್ತಾರಾ?"

ದಾಲಿನ್‌ಗೆ ಬೇರೊಂದು ಕುತೂಹಲವಿತ್ತು. ಕೆಲಸದ ಮಾತಲ್ಲ, ಹಾಗೇ ಕೇಳ್ತೀನಿ ಎಂದಳು. ಅವನ ಚಿಕ್ಕಪ್ಪ ಕೂಡ ಅದೇ ಕಾಲದಲ್ಲಿ ಕಾಣೆಯಾದದ್ದು ಎಲ್ಲರಿಗೂ ಗೊತ್ತು. ಮನೆಗೆ ಹೋದರೆ ಅವನ ತಾಯಿ ಏನೂ ಅನ್ನುವುದಿಲ್ಲವೇ?

"ಅನ್ನದೆ ಏನು? ಬಡಿಸೋವಾಗ ಮೀನಿನ ತಲೆ ಅಣ್ಣನಿಗೆ, ಬಾಲ ನಂಗೆ." ವಿಚೆತ್ ಬಟ್ಟಲನ್ನು ಪಕ್ಕಕ್ಕಿಟ್ಟ. "ನೋಡಿ, ಇವನನ್ನ ಅರೆಬರೆ ಸಾಕ್ಷಿ ಮೇಲೆ ಒಳಗೆ ಹಾಕಿದ್ರೆ, ನಾಳೆ ಇವನ ಮೊಮ್ಮಕ್ಕಳು ಎಲ್ಲಾ ನಾಟಕ ಅಂತಾರೆ. ಆಗ ನಮ್ಮ ಹತ್ರ ಉತ್ತರ ಇರ್ಬೇಕಲ್ಲ? ಅದಕ್ಕೇ ಬಾಲ ತಿಂದ್ಕೊಂಡಿದ್ದೀನಿ."

ಮಾರನೆಯ ದಿನ ದಾಲಿನ್ ಅಜ್ಜಿಯನ್ನು ಊರಿಗೆ ಕರೆದೊಯ್ದಳು. ಹಬ್ಬಕ್ಕೆ ಹೊರಟ ಜನರಿಂದ ಐದನೇ ನಂಬರಿನ ಹೆದ್ದಾರಿ ತುಂಬಿತ್ತು. ನಾಲ್ಕು ಗಂಟೆಯ ದಾರಿಗೆ ಏಳು ಗಂಟೆ ಹಿಡಿಯಿತು. ಅಜ್ಜಿ ದಾರಿಯುದ್ದಕ್ಕೂ ನಿದ್ದೆ ಮಾಡಿದರು, ಅಥವಾ ಕಣ್ಣು ಮುಚ್ಚಿಕೊಂಡಿದ್ದರು.

ಮನೆ ಎತ್ತರದ ಕಂಬಗಳ ಮೇಲಿನದು. ಅಲ್ಲಿ ಅಜ್ಜಿ ತಂಗಿಯ ಮಗಳ ಸಂಸಾರದ ಜೊತೆ ಇದ್ದರು. ಮನೆಯ ಕೆಳಗಿನ ನೆರಳಲ್ಲಿ, ಬಿದಿರಿನ ಮಂಚದ ಮೇಲೆ ಕುಳಿತು ದಾಲಿನ್ ಕೇಳಬೇಕಾದ್ದನ್ನು ಕೇಳಿದಳು. ಗುರುತಿಲ್ಲದವರು ಯಾರಾದರೂ ಬಂದಿದ್ದರೇ, ಫೋನ್ ಮಾಡಿದ್ದರೇ, ಏನಾದರೂ ಕೊಟ್ಟಿದ್ದರೇ, ಕೊಡುತ್ತೇವೆಂದಿದ್ದರೇ.

ಅಜ್ಜಿಗೆ ನಗು ಬಂತು. "ನನ್ನನ್ನ ಹೆದರಿಸೋಕೆ ಯಾರು ಬರ್ತಾರೆ? ಬಂದ್ರೆ ಚಾಪೆ ಹಾಸ್ಬೇಕು, ಎಲೆಯಡಿಕೆ ಕೊಡ್ಬೇಕು. ಅದೇ ನನಗೆ ಕಷ್ಟ."

ತಂಗಿಯ ಮಗಳನ್ನು ಕೇಳಿದಳು, ಅಕ್ಕಪಕ್ಕದವರನ್ನು ಕೇಳಿದಳು, ಊರಿನ ಮುಖ್ಯಸ್ಥನನ್ನು ಕೇಳಿದಳು. ಥಿಯೆನ್‌ನ ಸಂಬಂಧಿಕರು ಯಾರೂ ಆ ಜಿಲ್ಲೆಯಲ್ಲಿರಲಿಲ್ಲ. ಬೆದರಿಕೆಯ ಸುಳಿವೇ ಇಲ್ಲ. ಸರ್ಕಾರಿ ವಕೀಲರ ಊಹೆ ಅಲ್ಲಿಗೆ ಬಿತ್ತು. ಹಬ್ಬದಲ್ಲಿ ಶಾಪದ ಮಾತು ಆಡಬಾರದೆಂಬ ನೇಮ ನಿಮ್ಮಲ್ಲಿದೆಯೇ ಎಂದು ವಿಚಾರಿಸಿದಳು. ಅಂಥ ನೇಮವನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಚಾಲಕನ ಊಹೆಯೂ ಬಿತ್ತು. ಉಳಿದದ್ದು ವಿಚೆತ್‌ನ ಊಹೆ. ಅದನ್ನು ವಿಚಾರಿಸುವ ಅಧಿಕಾರ ಅವಳಿಗಿರಲಿಲ್ಲ.

ಬಂದ ಕೆಲಸ ಮುಗಿದಿತ್ತು, ಹಿಂತಿರುಗಬಹುದಿತ್ತು. ಅಜ್ಜಿ ಬಿಡಲಿಲ್ಲ. ನಾಳೆ ವಿಹಾರಕ್ಕೆ ಬಾ ಎಂದರು. ನಿನ್ನ ಕಡೆಯ ಸತ್ತವರು ನಿನ್ನನ್ನು ಹುಡುಕಿಕೊಂಡು ಊರೂರಿನ ವಿಹಾರ ಸುತ್ತುತ್ತಿರುತ್ತಾರೆ, ಎಲ್ಲಿ ಸಿಕ್ಕಿದರೂ ಅವರಿಗೆ ಊಟ ಊಟವೇ. ದಾಲಿನ್ ಚಾಲಕನಿಗೆ ಫೋನ್ ಮಾಡಿ ಒಂದು ದಿನ ತಡವಾಗಿ ಬರಲು ಹೇಳಿದಳು.

ವಿಹಾರದಲ್ಲಿ ಬೆಳಗಿನ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ಬಾಳೆಎಲೆಯಲ್ಲಿ ಸುತ್ತಿದ ಅಕ್ಕಿಯ ಕಡುಬು, ಹಣ್ಣು, ಕ್ಯಾರಿಯರುಗಳ ಸಾಲು. ಮುಂದೆ ಭಿಕ್ಷುಗಳು, ಅವರ ಪಕ್ಕದಲ್ಲಿ ಪೂಜೆ ನಡೆಸುವ ಆಚಾರ್ಯರು, ಅವರ ಕೈಯಲ್ಲಿ ಮೈಕು. ಒಬ್ಬೊಬ್ಬರೇ ಮೊಣಕಾಲೂರಿ ಮುಂದೆ ಸರಿದು ತಮ್ಮ ಮನೆಯ ಸತ್ತವರ ಹೆಸರು ಹೇಳುತ್ತಾರೆ. ಆಚಾರ್ಯರು ಅದನ್ನು ಮೈಕಿನಲ್ಲಿ ಕೂಗುತ್ತಾರೆ. ಹೆಸರು ಕೂಗಿದವರಿಗೆ ಆ ದಿನದ ಅನ್ನ ಮುಟ್ಟುತ್ತದೆ. ಕೂಗದವರು ಹಸಿದೇ ಹೋಗುತ್ತಾರೆ.

ಸಾಕ್ಷಿ ಹೇಳಿ ಬಂದ ಆರು ಹೆಂಗಸರೂ ಅಲ್ಲಿದ್ದರು. ಅವರನ್ನು ನಗರಕ್ಕೆ ಕರೆದೊಯ್ದವಳು ದಾಲಿನ್ನೇ ಆದ್ದರಿಂದ ಒಬ್ಬೊಬ್ಬರ ಮುಖವೂ ಗೊತ್ತು. ಹಿರಿಯರಾದ ಲಾಯ್ ಅಜ್ಜಿ ಮೊದಲು ಗಂಡನ ಹೆಸರು ಹೇಳಿದರು. ಉಳಿದವರೂ ಗಂಡನ ಹೆಸರಿನಿಂದಲೇ ಶುರುಮಾಡಿದರು. ಆರೋಪಪಟ್ಟಿಯ ಒಂದರಿಂದ ಆರರವರೆಗಿನ ಹೆಸರುಗಳು ಧ್ವನಿವರ್ಧಕದಲ್ಲಿ ಬಂದವು. ಆರೋಪಪಟ್ಟಿಯನ್ನು ಕಚೇರಿಯಲ್ಲಿ ಎಷ್ಟೋ ಸಲ ಓದಿದ್ದ ದಾಲಿನ್‌ಗೆ, ಆ ಹೆಸರುಗಳನ್ನು ಹೀಗೆ ಸಾಲಾಗಿ ಕೂಗಿದ್ದನ್ನು ಕೇಳಿದ್ದು ಅದೇ ಮೊದಲು.

ಖೊಮ್ ಅಜ್ಜಿಯ ಸರದಿ ಬಂತು. ಅಪ್ಪನ ಹೆಸರು, ಅಮ್ಮನ ಹೆಸರು, ಇಬ್ಬರು ಅಣ್ಣಂದಿರದು, ಅಣೆಕಟ್ಟಿನ ಬಳಿ ಜ್ವರದಿಂದ ಸತ್ತ ಮಗಳದು. ಅಲ್ಲಿಗೆ ನಿಲ್ಲಿಸಿದರು. ದಾಲಿನ್ ಆರೋಪಪಟ್ಟಿಯ ಏಳನೆಯ ಹೆಸರಿಗೆ ಕಾಯುತ್ತಿದ್ದಳು.

"ಇನ್ನು?" ಎಂದು ಕೇಳಿದರು ಆಚಾರ್ಯರು.

"ಅಷ್ಟೇ."

ಆ ಪ್ರಶ್ನೆಯೂ ಉತ್ತರವೂ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿದವು. ಯಾರೂ ತಿರುಗಿ ನೋಡಲಿಲ್ಲ. ಅದನ್ನು ಅವರು ಪ್ರತಿ ವರ್ಷ ಕೇಳುತ್ತ ಬಂದಿದ್ದರು ಎಂಬುದು ದಾಲಿನ್‌ಗೆ ಅದರಿಂದಲೇ ತಿಳಿಯಿತು.

ಹೊರಗೆ ಜಗಲಿಯ ಮೇಲೆ ಹೆಂಗಸರು ಊಟಕ್ಕೆ ಕುಳಿತಾಗ ಲಾಯ್ ಅಜ್ಜಿ ಕೆಣಕಿದರು.

"ಲೇ ಖೊಮ್, ಈ ವರ್ಷವೂ ಉಪವಾಸ ಕಳಿಸಿದ್ಯಾ ಅವನನ್ನ? ಏಳು ಜನ ಒಟ್ಟಿಗೆ ಹೋದ್ರು. ನಿನ್ನ ಗಂಡ ಒಬ್ಬನೇ ಥಾಯ್ಲೆಂಡಿಗೆ ನಡ್ಕೊಂಡು ಹೋದ್ನಾ?"

"ಹೋಗಿದ್ರೆ ಒಳ್ಳೇದಾಯ್ತು ಬಿಡು. ನನ್ನ ಅಡುಗೆಗಿಂತ ಒಳ್ಳೇದು ಸಿಕ್ಕಿರತ್ತೆ."

ಸುತ್ತಲಿದ್ದವರು ನಕ್ಕರು. ಲಾಯ್ ಅಜ್ಜಿ ನಗಲಿಲ್ಲ. ತಟ್ಟೆ ಬದಿಗಿಟ್ಟು, ದನಿ ತಗ್ಗಿಸಿದರು.

"ಅಲ್ಲಿ ಹೋಗಿ ನೀನು ಗೊತ್ತಿಲ್ಲ ಅಂದ್ರೆ, ಆ ಲಾಯರ್ ನಮ್ಮಾರು ಜನಕ್ಕೂ ಗೊತ್ತಿಲ್ಲ ಅಂತಾನೆ. ಆ ಮುದುಕ ಮನೆಗೆ ಹೋಗ್ತಾನೆ, ಮೊಮ್ಮಕ್ಕಳ ಹತ್ರ ಕಾಲು ಒತ್ತಿಸ್ಕೋತಾನೆ. ಸಾಯೋ ಮುಂಚೆ ಇದೊಂದು ನೋಡ್ಬೇಕು ಅಂತ ಕಾದಿದ್ದೀವಿ ನಾವು. ಯೋಚನೆ ಮಾಡು."

ಖೊಮ್ ಅಜ್ಜಿ ಕಡುಬಿನ ಬಾಳೆಎಲೆ ಬಿಚ್ಚುತ್ತಿದ್ದರು. ಬಿಚ್ಚಿ ಮುಗಿಸಿ, ಅರ್ಧ ಮುರಿದು ಲಾಯ್ ಅಜ್ಜಿಯ ತಟ್ಟೆಗಿಟ್ಟರು.

ಅಲ್ಲಿಗೆ ದಾಲಿನ್‌ಗೆ ವಿಷಯ ಅರ್ಧ ತಿಳಿದಂತಾಯಿತು. ಬದುಕಿರಬಹುದಾದವನ ಹೆಸರನ್ನು ಸತ್ತವರ ಜೊತೆ ಕೂಗಿಸಿದರೆ ಅವನ ಆಯುಷ್ಯಕ್ಕೆ ಕೇಡು ಎಂಬುದು ಅವಳಿಗೂ ಗೊತ್ತಿದ್ದದ್ದೇ. ಅವಳ ತಾಯಿಯೂ ಹಾಗೆ ಒಂದು ಹೆಸರನ್ನು ಹತ್ತು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದಳು. ಆದರೆ ಆರು ಜನ ನಂಬಿದ್ದನ್ನು ಏಳನೆಯವರು ಯಾಕೆ ನಂಬಲಿಲ್ಲ? ಬರೀ ಆಸೆಯೇ, ಅಥವಾ ಅವರು ಏನನ್ನಾದರೂ ಕಂಡಿದ್ದರೇ? ಕಂಡಿದ್ದರೆ ಹೇಳಿಕೆಯಲ್ಲಿ ಗಂಡನ ಬಟ್ಟೆಯ ಆ ವಾಕ್ಯ ಹೇಗೆ ಬಂತು?

ಮಧ್ಯಾಹ್ನ ಮನೆಯ ಕೆಳಗಿನ ಮಂಚದ ಮೇಲೆ ಇಬ್ಬರೇ ಇದ್ದಾಗ ಅಜ್ಜಿ ತಾವಾಗಿಯೇ ಶುರುಮಾಡಿದರು.

"ಮಗಳೇ, ಅಲ್ಲಿ ನಂಗೊಂದು ಕಾಗದ ಓದಿ ಹೇಳಿದ್ರು. ಅದು ನಾನು ಹಿಂದೆ ಹೇಳಿದ್ದಂತೆ. ಅದ್ರಲ್ಲಿ ನನ್ನ ಗಂಡನ..."

"ಅಜ್ಜಿ, ನಿಲ್ಸಿ. ನಂಗೆ ಹೇಳ್ಬೇಡಿ."

ಅಜ್ಜಿ ಅವಳ ಮುಖ ನೋಡಿದರು. ಕೇಳಬೇಕೆಂಬ ಆಸೆ ಎಷ್ಟಿತ್ತೆಂದರೆ ದಾಲಿನ್ ಮಂಚದಿಂದ ಎದ್ದೇ ನಿಂತಳು. ನಿಂತುಕೊಂಡೇ ಕಾರಣ ಹೇಳಿದಳು. ಈಗ ನೀವು ನನಗೆ ಹೇಳಿದರೆ, ನಾಳೆ ನಾನು ಹೇಳಿಕೊಟ್ಟದ್ದು ಎಂದು ಅವರು ಅನ್ನಬಹುದು. ಆಗ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ನ್ಯಾಯಾಧೀಶರೇ ಮೊದಲು ಕೇಳಬೇಕು.

"ಹಂಗಾದ್ರೆ ನೀನು ಬಂದಿದ್ದು ಏನಕ್ಕೆ?"

ಆ ಪ್ರಶ್ನೆಗೆ ಉತ್ತರವಾಗಿ ಹೇಳಬಹುದಾದ ಒಂದು ಮಾತು ದಾಲಿನ್ ಬಳಿ ಇತ್ತು. ಪ್ರತಿ ಸಾಕ್ಷಿಗೂ ಮೊದಲ ದಿನವೇ ಹೇಳುವ ಮಾತು ಅದು. ಊಟದ ಸಮಯ, ಶೌಚಾಲಯದ ದಾರಿ, ಹೆಡ್‌ಫೋನ್ ಹಾಕಿಕೊಳ್ಳುವ ಬಗೆ, ಇವುಗಳ ನಡುವೆ ಬೇಗ ಬೇಗ ಹೇಳಿ ಮುಗಿಸುವಂಥದ್ದು. ಖೊಮ್ ಅಜ್ಜಿಗೂ ಹಾಗೇ ಹೇಳಿದ್ದಳು. ಈಗ ಮತ್ತೆ ಕುಳಿತು ನಿಧಾನವಾಗಿ ಹೇಳಿದಳು.

"ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ಬಹುದು ಅಜ್ಜಿ. ಬರೆದಿರೋದು ತಪ್ಪಿದ್ರೆ ತಪ್ಪು ಅನ್ಬಹುದು. ಯಾರ ಸಾಕ್ಷಿಯಾಗಿ ಬಂದಿದ್ರೂ ಅಷ್ಟೇ. ಇದನ್ನ ಎಲ್ಲರಿಗೂ ಹೇಳ್ತೀವಿ."

"ಅನ್ಬಹುದಾ? ಬಯ್ಯಲ್ವಾ?"

"ಬಯ್ಯಲ್ಲ."

"ಲಾಯ್ ಹೇಳಿದ್ದು ನಿಜಾನಾ? ಅವನು ಮನೆಗೆ ಹೋಗ್ತಾನಾ?"

ಅದು ತನಗೆ ಗೊತ್ತಿಲ್ಲ ಎಂದಳು ದಾಲಿನ್. ಅದು ನಿಜವೂ ಆಗಿತ್ತು.

ನಗರಕ್ಕೆ ಹಿಂತಿರುಗಿ ಒಂದು ಪುಟದ ವರದಿ ಬರೆದಳು. ಬೆದರಿಕೆ ಇಲ್ಲ, ಆಮಿಷ ಇಲ್ಲ, ಸಾಕ್ಷಿ ಆರೋಗ್ಯವಾಗಿದ್ದಾರೆ, ಬರಲು ಒಪ್ಪಿದ್ದಾರೆ. ಆವಾ ಓದಿ, ಹಾಗಾದರೆ ಯಾಕೆ ನಿಲ್ಲಿಸಿದರು ಎಂದು ಕೇಳಿದರು. ಅದನ್ನು ಕೇಳುವ ಅಧಿಕಾರ ನನಗಿರಲಿಲ್ಲ ಎಂದಳು ದಾಲಿನ್.

"ಊಹೆ ಇದೆಯಾ?"

"ಇದೆ. ಬರೆಯಲ್ಲ."

ಆವಾ ಸಹಿ ಹಾಕಿದರು.

ಹಬ್ಬ ಕಳೆದ ಮಂಗಳವಾರ ಬೆಳಿಗ್ಗೆ ಖೊಮ್ ಅಜ್ಜಿ ಗದೆಯ ದೇವರ ಮುಂದೆ ನಿಂತು ಎರಡೂ ಭಾಗಗಳನ್ನು ಹೇಳಿದರು. ಶಾಪದ ಭಾಗವನ್ನು ಗುಮಾಸ್ತನಿಗಿಂತ ಜೋರಾಗಿ ಹೇಳಿದರು. ಒಳಗೆ ಪ್ರೇಕ್ಷಕರ ಸಾಲಿನಲ್ಲಿ ಲಾಯ್ ಅಜ್ಜಿ ಮತ್ತು ಉಳಿದ ಐವರು ಬಸ್ಸಿನಲ್ಲಿ ಬಂದು ಕುಳಿತಿದ್ದರು.

ಮುಖ್ಯ ನ್ಯಾಯಾಧೀಶರು ಆ ಸಂಜೆಯ ಬಗ್ಗೆ ಕೇಳಿದರು. ಅಜ್ಜಿ ಹೇಳಿದರು: ಗಂಜಿಯ ಗಂಟೆ ಬಾರಿಸುವ ಮೊದಲು ಏಳು ಹೆಸರು ಕೂಗಿದರು. ಕೂಗಿದವನು ಕಾವಲಿನವನು. ಅವನ ಹಿಂದೆ ಸೈಕಲ್ ಹಿಡಿದು ನಿಂತಿದ್ದವನು ತಾತ ಥಿಯೆನ್. ಏಳು ಜನರನ್ನು ಕಾಲುವೆ ದಾಟಿಸಿ ಕರೆದುಕೊಂಡು ಹೋದರು. ಚುವೊನ್ ಒಮ್ಮೆ ತಿರುಗಿ ನೋಡಿದ. ಕೊರಳಲ್ಲಿ ಕೆಂಪು ಚೌಕುಳಿ ವಲ್ಲಿ ಇತ್ತು.

ನ್ಯಾಯಾಧೀಶರು ಹೇಳಿಕೆಯ ಆ ವಾಕ್ಯವನ್ನು ಓದಿದರು. ಮಾರನೆಯ ಬೆಳಿಗ್ಗೆ ನನ್ನ ಗಂಡನ ಬಟ್ಟೆಯನ್ನು ಬೇರೆಯವರ ಮೈಮೇಲೆ ಕಂಡೆ. ಇದು ಸರಿಯೇ?

"ಆ ಮಾತು ನನ್ನದಲ್ಲ ಸ್ವಾಮಿ."

ದಾಲಿನ್ ನೀರಿನ ಲೋಟವನ್ನು ಒಂದಿಷ್ಟು ಹತ್ತಿರ ಸರಿಸಿದಳು. ಮತ್ತೆ ಅದು ಕಾಗದದಲ್ಲಿ ಹೇಗೆ ಬಂತು ಎಂದು ನ್ಯಾಯಾಧೀಶರು ಕೇಳಿದರು.

"ಏಳೂ ಜನ ಒಂದೇ ಕಡೆ ಕೂತಿದ್ವಿ. ಬರ್ಕೊಳ್ಳೋಕೆ ಬಂದವರು ಒಬ್ಬೊಬ್ಬರನ್ನೇ ಕೇಳಿದ್ರು. ನನ್ನ ಸರದಿ ಬರೋ ಹೊತ್ತಿಗೆ ಮಳೆ ಕಟ್ಟಿತ್ತು, ಅವರ ದೋಣಿ ಕಾಯ್ತಾ ಇತ್ತು. 'ನಿಮ್ದೂ ಹಂಗೇ ತಾನೆ ಅಜ್ಜಿ' ಅಂದ್ರು. ಹೂಂ ಅಂದೆ. ಅಷ್ಟು ದೂರದಿಂದ ಬಂದು ಹೊರಟು ನಿಂತೋರಿಗೆ ಇಲ್ಲ, ಮತ್ತೆ ಕೂತ್ಕೊಳ್ಳಿ ಅನ್ನೋದು ಹೇಗೆ?"

ಸರ್ಕಾರಿ ವಕೀಲರು ಒಂದೆರಡು ಪ್ರಶ್ನೆ ಕೇಳಿ ಬೇಗ ಕುಳಿತರು. ವಿಚೆತ್ ಎದ್ದ. ಅವನ ದನಿಯಲ್ಲಿ ಕ್ಯಾಂಟೀನಿನ ತಮಾಷೆ ಇರಲಿಲ್ಲ, ಒರಟೂ ಇರಲಿಲ್ಲ.

"ಅಂದರೆ ಅಜ್ಜಿ, ನಿಮ್ಮ ಹೇಳಿಕೆಯಲ್ಲಿ ಒಂದು ಸುಳ್ಳಿದೆ."

"ಇದೆ. ಅದಕ್ಕೇ ಅವತ್ತು ಪ್ರಮಾಣ ಮಾಡ್ಲಿಲ್ಲ. ತಪ್ಪು ಅಂತ ಹೇಳ್ಬಹುದು ಅನ್ನೋದು ನಂಗೆ ತಲೆಗೆ ಹೋಗಿರ್ಲಿಲ್ಲ."

"ಅದೇ ವಾಕ್ಯ ಉಳಿದ ಆರು ಜನರದರಲ್ಲೂ ಇದೆ. ಅವರೂ ನಿಮ್ಮ ಹಾಗೇ ಹೂಂ ಅಂದಿರಬಹುದಲ್ಲ?"

ಪ್ರೇಕ್ಷಕರ ಸಾಲಿನಲ್ಲಿ ಲಾಯ್ ಅಜ್ಜಿ ತಲೆ ಕೆಳಗೆ ಹಾಕಿದರು. ತಾವು ಹೆದರಿದ್ದ ಪ್ರಶ್ನೆ ಬಂದಿತ್ತು.

"ಅವರು ಏನಂದ್ರೋ ಅವರನ್ನ ಕೇಳಿ. ನಾನು ಕಂಡಿದ್ದು ಹೇಳ್ತೀನಿ," ಎಂದರು ಖೊಮ್ ಅಜ್ಜಿ. ಮಾರನೆಯ ಬೆಳಿಗ್ಗೆ ಕಾವಲಿನವರು ಹೊಸ ಬಟ್ಟೆ ಹಾಕಿಕೊಂಡು ಬಂದರು. ಹೊಸದೆಂದರೆ ಅವರಿಗೆ ಹೊಸದು. ಮಿಕ್ಕದ್ದನ್ನು ಅಡುಗೆ ಕೊಟ್ಟಿಗೆಯ ಮುಂದೆ ಹಂಚಿದರು. "ನಾನು ನನ್ನ ಗಂಡನ ವಲ್ಲಿ ಹುಡುಕ್ತಾ ಇದ್ದೆ. ಅದಕ್ಕೇ ಎಲ್ಲರ ಮೈಯನ್ನೂ ನೋಡ್ದೆ. ಎಲ್ಲ ಕಪ್ಪಂಗಿನೇ. ಆದ್ರೆ ಲಾಯ್ ಗಂ‍ಡನ ಅಂಗಿ ಒಬ್ಬ ಕಾವಲಿನವನ ಮೈಮೇಲಿತ್ತು. ಮೊಣಕೈ ಹತ್ರ ಅಕ್ಕಿ ಚೀಲದ ತೇಪೆ. ಅವಳು ಅದನ್ನ ಹೊಲಿಯೋವಾಗ ಸೂಜಿ ಕೊಟ್ಟೋಳು ನಾನು. ಅವಳು ಅದನ್ನ ನೋಡಿದ್ಲು, ಬುಟ್ಟಿ ಎತ್ಕೊಂಡು ಮಣ್ಣು ಹೊರೋಕೆ ಹೋದ್ಲು. ಅಳೋ ಹಂಗಿರ್ಲಿಲ್ಲ."

ಉಳಿದ ಐದು ಜನರ ಬಗ್ಗೆಯೂ ಹೀಗೆ ಒಂದೊಂದಾಗಿ ಹೇಳಿದರು. ಮೂವರದು ತಾವೇ ಕಂಡದ್ದು. ಇಬ್ಬರದು ಕಂಡಿಲ್ಲ, ಅವರು ಆಮೇಲೆ ಹೇಳಿದ್ದನ್ನು ಕೇಳಿದ್ದು ಮಾತ್ರ. ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ವಿಚೆತ್ ಕೇಳುವ ಮೊದಲೇ ಬೇರೆ ಮಾಡಿ ಹೇಳಿದರು.

"ನಿಮ್ಮ ವಲ್ಲಿ?"

"ಸಿಗ್ಲಿಲ್ಲ. ನಾನೇ ನೇಯ್ದಿದ್ದು ಅದು. ಕೆಂಪು ನೂಲು ಸಾಲ್ದೆ ಅಂಚಿಗೆ ಎರಡು ಎಳೆ ಹಳದಿ ಹಾಕಿದ್ದೆ. ಆಮೇಲೂ ಅಣೆಕಟ್ಟಿನ ಕೆಲಸ ಮುಗಿಯೋವರೆಗೆ ಕಂಡಕಂಡೋರ ಕುತ್ತಿಗೆ ನೋಡ್ದೆ. ಯಾರ ಕೊರಳಲ್ಲೂ ಇರ್ಲಿಲ್ಲ. ಹೂತು ಹೋಗಿರಬಹುದು. ಓಡಿ ಹೋಗಿರಬಹುದು. ಕಂಡಿಲ್ಲ."

ವಿಚೆತ್ ತನ್ನ ಮುಂದಿದ್ದ ಹಾಳೆಗಳನ್ನು ನೋಡಿದ. ಆರು ಸಾಕ್ಷಿಗಳಿಗೂ ಕೊನೆಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಕೇಳಿದ.

"ಇದನ್ನೆಲ್ಲ ಹೀಗೆ ಹೇಳಿ ಅಂತ ನಿಮಗೆ ಯಾರು ಹೇಳಿಕೊಟ್ಟರು?"

"ಇದನ್ನ ಯಾರೂ ಹೇಳಿಕೊಡ್ಲಿಲ್ಲಪ್ಪ. ಎಲ್ಲರೂ ಹೇಳಿಕೊಟ್ಟಿದ್ದು ಇನ್ನೊಂದನ್ನ."

ಅವನು ಹಾಳೆಗಳನ್ನು ಜೋಡಿಸಿಟ್ಟು, ಬೇರೆ ಪ್ರಶ್ನೆಗಳಿಲ್ಲ ಎಂದು ಕುಳಿತ. ಗಾಜಿನ ಆಚೆ ಥಿಯೆನ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

ಮುಖ್ಯ ನ್ಯಾಯಾಧೀಶರಿಗೆ ಒಂದೇ ಪ್ರಶ್ನೆ ಉಳಿದಿತ್ತು. ಚುವೊನ್ ಈಗ ಬದುಕಿದ್ದಾರೋ ಇಲ್ಲವೋ, ನಿಮಗೆ ಗೊತ್ತೇ?

"ಗೊತ್ತಿಲ್ಲ," ಎಂದರು ಖೊಮ್ ಅಜ್ಜಿ. ದುಭಾಷಿಗಳು ಅದನ್ನು ಇನ್ನೆರಡು ಭಾಷೆಗಳಲ್ಲಿ ಹೇಳಿದರು. ಗುಮಾಸ್ತ ಬರೆದುಕೊಂಡ.

ಸಂಜೆ ಬಸ್ಸಿಗಾಗಿ ಹೆಂಗಸರು ಗೇಟಿನ ಬಳಿ ನೆರಳಲ್ಲಿ ಕುಳಿತಿದ್ದರು. ಲಾಯ್ ಅಜ್ಜಿ ಚೀಲದಿಂದ ವೀಳ್ಯದೆಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ಖೊಮ್ ಅಜ್ಜಿಯ ಕೈಗೆ ಕೊಟ್ಟರು.

"ವಲ್ಲಿ ವಿಷ್ಯ ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಅಂಗಿ ಕಂಡಿತ್ತಲ್ಲ. ನಂಗೇನೂ ಕಾಣ್ಲಿಲ್ಲ ಅಂತ ನಿನ್ನ ಮುಂದೆ ಯಾವ ಬಾಯಲ್ಲಿ ಹೇಳ್ಲಿ?"

ಲಾಯ್ ಅಜ್ಜಿ ತಮಗೂ ಒಂದು ಎಲೆ ಮಡಿಸಿಕೊಂಡರು. ಬಸ್ಸು ಬರುವವರೆಗೂ ಇಬ್ಬರೂ ಅಗಿಯುತ್ತ ಕುಳಿತಿದ್ದರು.

ತೀರ್ಪು ಬಂದದ್ದು ಮುಂದಿನ ವರ್ಷ, ಮಳೆಗಾಲದ ಮಧ್ಯದಲ್ಲಿ. ಆರು ಕೊಲೆಗಳು ಸಾಬೀತಾಗಿವೆ ಎಂದಿತು ಪೀಠ. ಒಂದೇ ವಾಕ್ಯ ಏಳು ಹೇಳಿಕೆಗಳಲ್ಲಿ ಬಂದದ್ದರಿಂದ ಬರೀ ಹೇಳಿಕೆಗಳನ್ನೇ ನಂಬುವಂತಿರಲಿಲ್ಲ. ಆದರೆ ಆರು ಹೆಂಗಸರು ಬಾಯಾರೆ ಹೇಳಿದ್ದಕ್ಕೆ, ತನ್ನ ಕಡೆಯವರಿಗೇ ಅನುಕೂಲವಲ್ಲದ ಸತ್ಯ ಹೇಳಿದ ಏಳನೆಯ ಸಾಕ್ಷಿಯಿಂದ ಬಲ ಬಂದಿದೆ ಎಂದು ಕಾರಣ ಕೊಟ್ಟಿತು. ಏಳನೆಯ ಹೆಸರಿನ ಕೊಲೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ. ಆ ಒಂದು ಆರೋಪದಿಂದ ಕೊಂಗ್ ಥಿಯೆನ್‌ನನ್ನು ಬಿಡುಗಡೆ ಮಾಡಿತು. ಉಳಿದವುಗಳಿಗೆ ಜೀವಾವಧಿ. ವಿಚೆತ್ ತಿಂಗಳೊಳಗೆ ಮೇಲ್ಮನವಿ ಹಾಕಿದ. ಮುಂದೆ ಅದೂ ವಜಾ ಆಯಿತು.

ತೀರ್ಪಿನ ಕೆಲವು ವಾರಗಳ ನಂತರ ಮತ್ತೆ ಪ್ಚುಮ್ ಬೆನ್ ಬಂತು. ದಾಲಿನ್ ಈ ಸಲ ರಜೆ ಹಾಕಿ ಹೋಗಿದ್ದಳು. ನಸುಕಿನಲ್ಲಿ, ಹೆಸರಿಲ್ಲದವರಿಗೆಂದು ಎಲ್ಲರೂ ವಿಹಾರದ ಸುತ್ತ ಅನ್ನದ ಉಂಡೆ ಎಸೆಯುವಾಗ, ಖೊಮ್ ಅಜ್ಜಿಯೂ ಒಂದನ್ನು ಎಸೆದರು. ಯಾರಿಗೆಂದು ಹೇಳಲಿಲ್ಲ, ಆ ಉಂಡೆಗೆ ಹೇಳಬೇಕಾಗಿಯೂ ಇಲ್ಲ. ಬೆಳಗಾದ ಮೇಲೆ ಮುಂದೆ ಸರಿದು ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರು, ಮಗಳು ಎಂದು ಹೆಸರು ಹೇಳಿ ನಿಲ್ಲಿಸಿದರು.

ಆಚಾರ್ಯರು ಆ ವರ್ಷ "ಇನ್ನು?" ಎಂದು ಕೇಳಲಿಲ್ಲ.